ಗೌಜಲಕ್ಕಿ ಸಾಕಿ, ಕಂಪನಿಯನ್ನು ಸಾಕಬೇಡಿ



ಬೆಳೆದದ್ದಕ್ಕೆ ಬೆಲೆ ಸಿಗಲಿಲ್ಲ ಎಂದು ನಾವು ಕೂಗಿದಾಗಲೆಲ್ಲ ಮೇಲಿನವರ ಬಾಯಿಂದ ಬರುವ ಉತ್ತರ ಒಂದೇ: "ಉಪಕಸುಬು ಮಾಡ್ರಪ್ಪಾ." ಮೆಕ್ಕೆಜೋಳದ ಬೆಲೆ ಬಿತ್ತೇ? ಕುರಿ ಸಾಕಿ. ಈರುಳ್ಳಿ ಕೊಳೆಯಿತೇ? ಜೇನು ಸಾಕಿ. ದಾಳಿಂಬೆಗೆ ಅಂಗಮಾರಿ ಬಂತೇ? ಕೋಳಿ ಸಾಕಿ. ಈಗ ಕೆಲವು ವರ್ಷಗಳಿಂದ ಇದಕ್ಕೊಂದು ಹೊಸ ಮಂತ್ರ ಸೇರಿದೆ: ಗೌಜಲಕ್ಕಿ ಸಾಕಿ. ಪೇಟೆಯವರು ಇದನ್ನು ಕ್ವೇಲ್ ಅನ್ನುತ್ತಾರೆ, ತಮಿಳರು ಕಾಡೆ ಅನ್ನುತ್ತಾರೆ. "ಕೋಳಿಗಿಂತ ಬೇಗ ಬೆಳೆಯುತ್ತೆ, ರೋಗ ಕಡಿಮೆ, ಜಾಗ ಬೇಕಿಲ್ಲ, ಐದೇ ವಾರಕ್ಕೆ ದುಡ್ಡು" ಎಂದು ಕರಪತ್ರ ಹಂಚುವವರು ಹೊಳಲ್ಕೆರೆ ಸಂತೆಗೂ ಬರುತ್ತಾರೆ, ಹೊಸದುರ್ಗದ ಬಸ್‌ಸ್ಟ್ಯಾಂಡಿಗೂ ಬರುತ್ತಾರೆ. ಮೊಬೈಲಿನೊಳಗಂತೂ ಕೂತೇ ಇದ್ದಾರೆ.

ನಾನು ಈ ಹಕ್ಕಿಯ ವಿರೋಧಿಯಲ್ಲ. ಒಳ್ಳೆಯ ಹಕ್ಕಿ. ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯ ಹಿತ್ತಿಲಲ್ಲಿ, ಮನೆಯ ಕಾಳು ಹಾಕಿ, ಮನೆಮಕ್ಕಳ ತಟ್ಟೆಗೂ ಊರಿನ ಗಿರಾಕಿಗೂ ಆಗುವಷ್ಟು ಸಾಕಿದರೆ ಗೌಜಲಕ್ಕಿ ಲಾಭದ ಹಕ್ಕಿ. ಅದನ್ನೇ ಕಂಪನಿಯ ಮರಿ, ಕಂಪನಿಯ ಮೇವು, ಬ್ಯಾಂಕಿನ ಸಾಲ, ದಲ್ಲಾಳಿಯ ಬೆಲೆ ಎಂದು ಸಾಕಿದರೆ ನಾವು ಸಾಕುವುದು ಹಕ್ಕಿಯನ್ನಲ್ಲ, ಅವರನ್ನು. ಮಾಂಸ ಮೊಟ್ಟೆ ಮುಟ್ಟದ ಮನೆಯವರು ಈ ಪುಟ ತಿರುವಿ ಹಾಕಬೇಡಿ. ನಾಳೆ ನಿಮ್ಮ ಬಾಗಿಲಿಗೆ ಬರುವವನು ಹಕ್ಕಿಯ ಬದಲು ಗಿಡ ತರುತ್ತಾನೆ. ಒಪ್ಪಂದದ ಕಾಗದ ಮಾತ್ರ ಅದೇ.

ಈ ಹಕ್ಕಿ ಎಲ್ಲಿಯದು?

ನಮ್ಮ ಹೊಲದ ಬದುಗಳಲ್ಲಿ ಬುರ್ರನೆ ಏಳುವ ಲಾವುಗೆ, ಗೌಜುಗ ನಿಮಗೆಲ್ಲ ಗೊತ್ತು. ಸಾಕುವ ಹಕ್ಕಿ ಅದಲ್ಲ. ಇದು ಜಪಾನಿನ ತಳಿ. 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ತರಿಸಿದ್ದು. ಅಲ್ಲಿನ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಮಾಂಸಕ್ಕೆ ಒಂದು, ಮೊಟ್ಟೆಗೆ ಒಂದು ಎಂದು ಬೇರೆ ಬೇರೆ ತಳಿ ತೆಗೆಯಿತು. ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯದವರೂ ನಾಮಕ್ಕಲ್‌ನಲ್ಲಿ, ಮದರಾಸಿನ ನಂದನಂನಲ್ಲಿ ತಮ್ಮ ತಳಿ ತೆಗೆದರು. ಸರ್ಕಾರದ ದುಡ್ಡಿನಲ್ಲಿ, ಎಂದರೆ ನಮ್ಮ ದುಡ್ಡಿನಲ್ಲಿ ಆದ ಕೆಲಸ ಇದು. ಯಾವ ಕಂಪನಿಯ ಅಪ್ಪನ ಆಸ್ತಿಯೂ ಅಲ್ಲ.

ಕಾಡಿನ ಹಕ್ಕಿಗೂ ಸಾಕುವ ಹಕ್ಕಿಗೂ ಇರುವ ಈ ವ್ಯತ್ಯಾಸ ತಿಳಿದಿರಬೇಕು, ಯಾಕೆಂದರೆ ಇದರಲ್ಲಿ ಕಾನೂನಿನ ತೊಡಕಿದೆ. ಕಾಡಿನ ಲಾವುಗೆ, ಗೌಜುಗಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಬಲೆ ಹಾಕಿ ಹಿಡಿದು ಸಾಕಿದರೆ ಕೇಸು ಖಂಡಿತ. ಜಪಾನಿ ಹಕ್ಕಿಯನ್ನೂ ಹಿಂದೆ ಇದೇ ಕಾಯ್ದೆಯ ಪಟ್ಟಿಗೆ ಸೇರಿಸಿ ನೋಡುತ್ತಿದ್ದರು. 2011ರಲ್ಲಿ ಕೇಂದ್ರದ ಪರಿಸರ ಮತ್ತು ಅರಣ್ಯ ಸಚಿವಾಲಯ ಹೊಸ ಪರವಾನಗಿ ಕೊಡಕೂಡದು, ಇರುವ ಫಾರಂ ದೊಡ್ಡದು ಮಾಡಕೂಡದು ಎಂದು ರಾಜ್ಯಗಳಿಗೆ ಬರೆಯಿತು. ಸರ್ಕಾರದ ಒಂದು ಕೈ ಸಾಕಿ ಎಂದು ತರಬೇತಿ ಕೊಡುತ್ತಿತ್ತು, ಇನ್ನೊಂದು ಕೈ ಬೇಡಿ ಹಿಡಿದು ನಿಂತಿತ್ತು. ಆಮೇಲೆ ಸರ್ಕಾರವೇ ಆ ನಿರ್ಬಂಧ ತೆಗೆಯಿತು. ಆದರೂ ಮರಿ ಕೊಂಡ ರಸೀದಿಯನ್ನು ಪಹಣಿಯ ಜೊತೆಯಲ್ಲಿ ಜೋಪಾನವಾಗಿಡಿ. ಯಾರಾದರೂ ಬಂದು "ಇದು ಕಾಡಹಕ್ಕಿ" ಎಂದು ಹೆದರಿಸಿದರೆ ಆ ಕಾಗದವೇ ಉತ್ತರ ಹೇಳುತ್ತದೆ.

ಹಕ್ಕಿಯ ಗುಣ, ಹಕ್ಕಿಯ ದೋಷ

ಗುಣ ಮೊದಲು ಹೇಳೋಣ. ಮೊಟ್ಟೆ ಕಾವಿಗಿಟ್ಟ 17-18 ದಿನಕ್ಕೆ ಮರಿ. ಹುಟ್ಟಿದಾಗ ಏಳೆಂಟು ಗ್ರಾಂ ತೂಗುವ ಮರಿ ಐದು ವಾರಕ್ಕೆ ನೂರೆಂಬತ್ತು ಇನ್ನೂರು ಗ್ರಾಂಗೆ ಬರುತ್ತದೆ. ಆರೇಳು ವಾರಕ್ಕೆ ಹೆಣ್ಣು ಮೊಟ್ಟೆಗೆ ಬೀಳುತ್ತದೆ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 250ರ ಮೇಲೆ ಮೊಟ್ಟೆ. ಒಂದು ಕೋಳಿ ಹಿಡಿಸುವ ಜಾಗದಲ್ಲಿ ಏಳೆಂಟು ಹಕ್ಕಿ ಹಿಡಿಸುತ್ತವೆ. ಇಷ್ಟೂ ನಿಜ. ಕರಪತ್ರದವನು ಇದನ್ನೆಲ್ಲ ಹೇಳುತ್ತಾನೆ.

ಅವನು ಹೇಳದೆ ನುಂಗಿಕೊಳ್ಳುವುದು ಬೇರೆ ಇದೆ. ಈ ಹಕ್ಕಿ ಕಾವಿಗೆ ಕೂರುವುದಿಲ್ಲ. ನೂರಾರು ವರ್ಷ ಗೂಡಿನಲ್ಲಿ ಸಾಕಿ ಸಾಕಿ ಅದಕ್ಕೆ ತಾಯ್ತನವೇ ಮರೆತುಹೋಗಿದೆ. ನಮ್ಮ ನಾಟಿಕೋಳಿ ಬುಟ್ಟಿಯಲ್ಲಿ ಹುಲ್ಲು ಹಾಕಿಕೊಟ್ಟರೆ ತನ್ನ ಮರಿ ತಾನೇ ಮಾಡಿಕೊಂಡು ಬರುತ್ತದೆ. ಗೌಜಲಕ್ಕಿ ಮೊಟ್ಟೆ ಇಟ್ಟು ಎದ್ದು ಹೋಗುತ್ತದೆ. ಆದ್ದರಿಂದ ಪ್ರತಿ ಸಲವೂ ಮರಿಗಾಗಿ ನೀವು ಇನ್ನೊಬ್ಬನ ಬಾಗಿಲಿಗೆ ಹೋಗಬೇಕು. ಬೀಜದ ಕಂಪನಿಯವರು ಹೈಬ್ರಿಡ್ ಬೀಜದಲ್ಲಿ ನಮಗೆ ಹಾಕಿದ ಮೂಗುದಾರ ಇದೆಯಲ್ಲ, ಅದೇ ದಾರ ಇಲ್ಲಿ ಹಕ್ಕಿಯ ಸ್ವಭಾವದಲ್ಲೇ ಇದೆ. ಅದರ ತುದಿ ಯಾರ ಕೈಯಲ್ಲಿದೆ ಎನ್ನುವುದೇ ಈ ಕಸುಬಿನ ಪೂರಾ ಪ್ರಶ್ನೆ.

ಎರಡನೆಯದು ಶಾಖ. ಮೊದಲ ವಾರ ಮರಿಗಳಿಗೆ 35-37 ಡಿಗ್ರಿ ಬಿಸಿ ಬೇಕೇ ಬೇಕು. ಬಲ್ಬು ಹಾಕಿ ಮಲಗಿದ್ದೀರಿ, ನಡುರಾತ್ರಿ ಕರೆಂಟು ಹೋಯಿತು. ಮರಿಗಳೆಲ್ಲ ಮೂಲೆಗೆ ಸೇರಿ ಒಂದರ ಮೇಲೊಂದು ಬಿದ್ದು ಬೆಳಗಾಗುವುದರೊಳಗೆ ಉಸಿರುಕಟ್ಟಿ ಸತ್ತಿರುತ್ತವೆ. ನಮ್ಮ ಹಳ್ಳಿಗಳ ಕರೆಂಟಿನ ಕಥೆ ಗೊತ್ತಿರುವ ಯಾರೂ "ರಿಸ್ಕೇ ಇಲ್ಲ" ಅನ್ನುವ ಮಾತಾಡುವುದಿಲ್ಲ.

ಮೂರನೆಯದು ನೀರು. ಮರಿ ಎಷ್ಟು ಸಣ್ಣದೆಂದರೆ ಸಾಮಾನ್ಯ ತಟ್ಟೆಯ ನೀರಿಗೆ ಬಿದ್ದು ಸಾಯುತ್ತದೆ. ತಟ್ಟೆಯೊಳಗೆ ಬೆಣಚುಕಲ್ಲು ಹಾಕಿಡಬೇಕು. ಇಷ್ಟು ಸಣ್ಣ ವಿಷಯ ಹೇಳದೆ ಸಾವಿರ ಮರಿ ಮಾರುವವರಿದ್ದಾರೆ.

ಮೊಟ್ಟೆಯ ಸುಳ್ಳು

"ಒಂದು ಗೌಜಲಕ್ಕಿ ಮೊಟ್ಟೆ ಐದು ಕೋಳಿಮೊಟ್ಟೆಗೆ ಸಮ. ದಮ್ಮು ಹೋಗುತ್ತೆ, ಸಕ್ಕರೆ ಕಾಯಿಲೆ ಹೋಗುತ್ತೆ, ಮಕ್ಕಳ ಬುದ್ಧಿ ಬೆಳೆಯುತ್ತೆ." ಈ ಮಾತು ಎಲ್ಲ ಕಡೆ ಓಡಾಡುತ್ತಿದೆ. ತಕ್ಕಡಿ ತಂದು ತೂಗಿ ನೋಡಿ. ಇದರ ಮೊಟ್ಟೆ ಸುಮಾರು ಹತ್ತು ಗ್ರಾಂ. ಕೋಳಿಮೊಟ್ಟೆ ಐವತ್ತು ಗ್ರಾಂ ಮೇಲೆ. ಐದು ಗೌಜಲಕ್ಕಿ ಮೊಟ್ಟೆ ಸೇರಿದರೆ ಒಂದು ಕೋಳಿಮೊಟ್ಟೆ. ಲೆಕ್ಕವನ್ನೇ ತಲೆಕೆಳಗು ಮಾಡಿ ಹೇಳುತ್ತಿದ್ದಾರೆ. ತೂಕಕ್ಕೆ ತೂಕ ಇಟ್ಟರೆ ಎರಡರಲ್ಲೂ ಇರುವ ಪ್ರೋಟೀನು ಹೆಚ್ಚುಕಡಿಮೆ ಒಂದೇ. ಒಳ್ಳೆಯ ಆಹಾರ, ಮಕ್ಕಳಿಗೆ ಕೊಡಿ. ಔಷಧಿ ಎಂದು ನಂಬಿ ಆಸ್ಪತ್ರೆಯ ಗುಳಿಗೆ ಬಿಡಬೇಡಿ, ಔಷಧಿ ಎಂದು ಹೇಳಿ ಮಾರಲೂ ಬೇಡಿ. ನಾವೂ ಸುಳ್ಳು ಹೇಳಿ ಮಾರಿದರೆ ಗೊಬ್ಬರದಂಗಡಿಯವನನ್ನು ಬೈಯುವ ಬಾಯಿ ನಮಗೆ ಉಳಿಯುವುದಿಲ್ಲ.

ಬನ್ನಿ, ಲೆಕ್ಕ ಹಾಕೋಣ

ಪೆನ್ಸಿಲು ತಗೊಳ್ಳಿ. ಬೆಲೆಗಳು ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬೇರೆ ಆಗುತ್ತವೆ. ನಾನು ಹಿಡಿದಿರುವುದು ಲೆಕ್ಕ ತೋರಿಸುವುದಕ್ಕಾಗಿ. ನಿಮ್ಮೂರಿನ ದರ ಹಾಕಿ ನೀವೇ ಮತ್ತೊಮ್ಮೆ ಮಾಡಿ.

ಮಾಂಸದ ಹಕ್ಕಿ. ಐದು ವಾರಕ್ಕೆ ಒಂದು ಹಕ್ಕಿ ತಿನ್ನುವ ಮೇವು ಸುಮಾರು ಅರ್ಧ ಕಿಲೋ. ಚೀಲದ ಮೇವು ಕಿಲೋಗೆ 45 ರೂಪಾಯಿ ಎಂದಿಟ್ಟುಕೊಂಡರೆ 22 ರೂಪಾಯಿ 50 ಪೈಸೆ. ಮರಿಗೆ 10 ರೂಪಾಯಿ. ಕರೆಂಟು, ಹೊಟ್ಟು, ಸತ್ತ ಮರಿಗಳ ನಷ್ಟ ಎಲ್ಲ ಸೇರಿ ಮೂರೂವರೆ ರೂಪಾಯಿ. ಒಟ್ಟು 36. ವ್ಯಾಪಾರಿ ಬಂದು 40ಕ್ಕೆ ಎತ್ತಿಕೊಂಡ ಎನ್ನಿ. ಉಳಿದದ್ದು ಹಕ್ಕಿಗೆ ನಾಲ್ಕು ರೂಪಾಯಿ. ಐನೂರು ಹಕ್ಕಿಗೆ ಎರಡು ಸಾವಿರ.

ಈ ಎರಡು ಸಾವಿರಕ್ಕೆ ದುಡಿದವರು ಯಾರು? ನಿಮ್ಮ ಮನೆಯ ಹೆಣ್ಣುಮಕ್ಕಳು. ಐದು ವಾರ, ದಿನಕ್ಕೆ ಎರಡು ಸಲ ಮೇವು, ಮೂರು ಸಲ ನೀರು, ಹೊಟ್ಟು ತಿರುವುವುದು, ರಾತ್ರಿ ಎದ್ದು ಬಲ್ಬು ನೋಡುವುದು. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ನಮ್ಮ ರಾಜ್ಯದಲ್ಲಿ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಎರಡು ಸಾವಿರ ಎಂದರೆ ಐದೂವರೆ ದಿನದ ಕೂಲಿ. ಮೂವತ್ತೈದು ದಿನ ದುಡಿದವಳಿಗೆ ಐದೂವರೆ ದಿನದ ಕೂಲಿ! ಇದನ್ನು ಲಾಭ ಎಂದು ಬರೆದುಕೊಳ್ಳುವವನು ಹೆಂಡತಿಯ ದುಡಿಮೆಗೆ ಸೊನ್ನೆ ಬೆಲೆ ಕಟ್ಟಿದ್ದಾನೆ. ಸರ್ಕಾರ ನಮ್ಮ ಬೆಳೆಗೆ ಬೆಲೆ ನಿಗದಿ ಮಾಡುವಾಗ ಮನೆಯವರ ಕೂಲಿ ಸರಿಯಾಗಿ ಹಿಡಿಯಲಿಲ್ಲ ಎಂದು ನಾವು ಜಗಳಾಡುತ್ತೇವೆ. ನಮ್ಮ ಹಿತ್ತಿಲಿನ ಲೆಕ್ಕದಲ್ಲಿ ನಾವೇ ಅದನ್ನು ಬಿಟ್ಟರೆ ಹೇಗೆ?

ಇನ್ನು ಮೊಟ್ಟೆ. ದೊಡ್ಡ ಹಕ್ಕಿ ದಿನಕ್ಕೆ 25 ಗ್ರಾಂ ತಿನ್ನುತ್ತದೆ. ನೂರು ಹೆಣ್ಣಿಗೆ ಎರಡೂವರೆ ಕಿಲೋ, 112 ರೂಪಾಯಿ 50 ಪೈಸೆ. ಎಪ್ಪತ್ತು ಮೊಟ್ಟೆ ಬಂದವು ಎನ್ನಿ. ಬರೀ ಮೇವಿನ ಖರ್ಚೇ ಮೊಟ್ಟೆಗೆ ಒಂದು ರೂಪಾಯಿ 60 ಪೈಸೆ. ಐದು ಸೇರಿದರೆ ಎಂಟು ರೂಪಾಯಿ. ನಿಮ್ಮೂರಿನ ಅಂಗಡಿಯಲ್ಲಿ ಒಂದು ಕೋಳಿಮೊಟ್ಟೆ ಎಷ್ಟಕ್ಕಿದೆ ನೋಡಿ, ಪಕ್ಕಪಕ್ಕ ಇಟ್ಟು ಹೇಳಿ. ಚೀಲದ ಮೇವು ಕೊಂಡು ಹಾಕಿದರೆ ಮನೆಯಲ್ಲಿ ತಿನ್ನುವುದಕ್ಕೂ ಅದು ಅಗ್ಗವಲ್ಲ. ಇದು ಹೋಟೆಲಿನವನು ವಿಶೇಷ ಎಂದು ಹೆಚ್ಚು ಕೊಟ್ಟರೆ ಮಾತ್ರ ಗಿಟ್ಟುವ ಮೊಟ್ಟೆ.

ಚಿತ್ರದುರ್ಗದಿಂದ ಹಿರಿಯೂರಿನವರೆಗೆ ಹೆದ್ದಾರಿಯ ಡಾಬಾಗಳಿವೆ. ಅಲ್ಲಿ ಗೌಜಲಕ್ಕಿ ಫ್ರೈ ಇದ್ದರೆ ಬೋರ್ಡಿನ ಮೇಲೆ ಬರೆದ ದರ ಓದಿ. ಆಮೇಲೆ ನಿಮ್ಮ ಕೈಗೆ ಬಂದ ದರ ನೆನೆಸಿಕೊಳ್ಳಿ. ನಡುವಿನ ದುಡ್ಡು ಎಲ್ಲಿ ಇಳಿಯಿತು? ಇನ್ನೂರು ಗ್ರಾಂ ಹಕ್ಕಿಯ ಮೇಲೆ ಎಷ್ಟು ಜನ ಕೂತಿದ್ದಾರೆ? ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ ಅನ್ನುತ್ತಾರಲ್ಲ, ಕೋಳಿ ಸಾಕಿದವನನ್ನು ಕೇಳಿಯೂ ಅರೆಯುವುದಿಲ್ಲ.

ಆ ಚೀಲದೊಳಗೆ ಇರುವುದೇನು?

ಮೇವಿನ ಚೀಲ ಬಿಚ್ಚಿ ನೋಡಿ. ಮರಿಗಳ ಮೇವಿಗೆ ಪಶುವೈದ್ಯರು ಹೇಳಿಕೊಡುವ ಒಂದು ಲೆಕ್ಕ ಹೀಗಿದೆ. ನೂರು ಕಿಲೋಗೆ ಮೆಕ್ಕೆಜೋಳ ಮತ್ತು ಜೋಳ ಸೇರಿ 42, ಶೇಂಗಾ ಹಿಂಡಿ 17, ಸೂರ್ಯಕಾಂತಿ ಹಿಂಡಿ ಹನ್ನೆರಡೂವರೆ, ಸೋಯಾ ಹಿಂಡಿ 8, ಮೀನಿನ ಪುಡಿ 10, ತೌಡು 8, ಖನಿಜ ಮಿಶ್ರಣ ಎರಡೂವರೆ. ಮೊಟ್ಟೆಯ ಹಕ್ಕಿಗೆ ಇದರ ಜೊತೆ ಚಿಪ್ಪಿನ ಪುಡಿ ಸೇರಬೇಕು.

ಈಗ ಹೇಳಿ, ಮೆಕ್ಕೆಜೋಳ ಯಾರ ಹೊಲದ್ದು? ಹೊಳಲ್ಕೆರೆಯದು, ಚಿತ್ರದುರ್ಗದ್ದು. ಜೋಳ ಯಾರದು? ಹಿರಿಯೂರಿನ ಎರೆಭೂಮಿಯದು. ಶೇಂಗಾ ಹಿಂಡಿ ಎಲ್ಲಿಯದು? ಪಕ್ಕದ ಚಳ್ಳಕೆರೆಯ ಎಣ್ಣೆಮಿಲ್ಲುಗಳದ್ದು. ಸೂರ್ಯಕಾಂತಿ ನಾವು ಬೆಳೆಯದ್ದೇ? ನೂರರಲ್ಲಿ ಎಪ್ಪತ್ತು ಪಾಲು ನಮ್ಮ ಜಿಲ್ಲೆಯಲ್ಲೇ ಬೆಳೆಯುವ ಸರಕು. 2025-26ಕ್ಕೆ ಕೇಂದ್ರ ಸರ್ಕಾರ ಮೆಕ್ಕೆಜೋಳಕ್ಕೆ ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆ ಸಾರಿತು. ಆ ವರ್ಷದ ಕೊಯ್ಲಿನಲ್ಲಿ ಮಾರುಕಟ್ಟೆಯಲ್ಲಿ ಎರಡು ಸಾವಿರವೂ ಸಿಗದೆ ರೈತರು ರಸ್ತೆಗಿಳಿದರು. ಹಾಗೆ ಕೈ ಬಿಟ್ಟುಹೋದ ಕಾಳೇ ಪುಡಿಯಾಗಿ, ಬಣ್ಣದ ಚೀಲ ತೊಟ್ಟು, ಎರಡರಷ್ಟು ಬೆಲೆ ಹೊತ್ತು ನಮ್ಮ ಬಾಗಿಲಿಗೇ ವಾಪಸು ಬರುತ್ತದೆ. ನಾವು ಅದನ್ನು ಸಾಲ ಮಾಡಿ ಕೊಳ್ಳುತ್ತೇವೆ! ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗೆ.

ಮನೆಯಲ್ಲೇ ಮೇವು ಮಾಡಿಕೊಳ್ಳಿ. ನಮ್ಮ ಮೆಕ್ಕೆಜೋಳಕ್ಕೆ ನಾವೇ ಬೆಂಬಲ ಬೆಲೆ ಕೊಟ್ಟುಕೊಂಡು, ಕಿಲೋಗೆ 24 ರೂಪಾಯಿ ಹಿಡಿದು ಲೆಕ್ಕ ಹಾಕಿದರೂ ಚೀಲದ ಮೇವಿಗಿಂತ ಏಳೆಂಟು ರೂಪಾಯಿ ಕಡಿಮೆಗೆ ಬೀಳುತ್ತದೆ. ನಮ್ಮ ಶೇಂಗಾವನ್ನು ಗಾಣಕ್ಕೆ ಹಾಕಿಸಿ ಎಣ್ಣೆಯ ಜೊತೆಗೆ ಹಿಂಡಿಯನ್ನೂ ವಾಪಸು ತಂದರೆ ಕೈಯಿಂದ ಹೋಗುವ ಕಾಸು ಇನ್ನೂ ಕಡಿಮೆ. ಕಣದ ಜೊಳ್ಳು, ಮಿಲ್ಲಿನ ನುಚ್ಚು, ನುಗ್ಗೆಸೊಪ್ಪು, ಗೆದ್ದಲು ಇವೂ ಬೆಳೆದ ಹಕ್ಕಿಗೆ ಸ್ವಲ್ಪ ಸ್ವಲ್ಪ ಆಗುತ್ತವೆ.

ಒಂದು ಎಚ್ಚರಿಕೆ. ಬೂಷ್ಟು ಹಿಡಿದ ಹಿಂಡಿ ಹಾಕಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಆ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟಿದ್ದು ಆಮೇಲೆಯೇ. ಮಳೆಗೆ ನೆಂದ ಶೇಂಗಾದ ಹಿಂಡಿ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಹಕ್ಕಿ ಪಿತ್ತಜನಕಾಂಗ ಕೆಟ್ಟು ಸಾಯುತ್ತದೆ, ನೀವು ರೋಗ ಎಂದುಕೊಂಡು ಔಷಧಿ ಹುಡುಕುತ್ತಿರುತ್ತೀರಿ.

ಮರಿ ಕೊಡ್ತೀವಿ, ನಾವೇ ಕೊಳ್ತೀವಿ!

ಈಗ ಒಪ್ಪಂದದ ಮಾತು. "ಮರಿ ನಾವೇ ಕೊಡ್ತೀವಿ, ಮೇವು ನಾವೇ ಕೊಡ್ತೀವಿ, ಬೆಳೆದ ಮೇಲೆ ನಾವೇ ಕೊಳ್ತೀವಿ. ನೀವು ಡಿಪಾಜಿಟ್ಟು ಕಟ್ಟಿ, ಶೆಡ್ಡು ಹಾಕಿ, ಅಷ್ಟೇ." ಕೇಳುವುದಕ್ಕೆ ಎಷ್ಟು ಹಿತ! ಇಂಥ ಹಿತದ ಮಾತು ಕೇಳಿದವರ ಗತಿ ಏನಾಯಿತು ಎಂದು ನೋಡೋಣ.

ತಮಿಳುನಾಡಿನ ಈರೋಡು ಜಿಲ್ಲೆಯ ಪೆರುಂದುರೈನಲ್ಲಿ ಈಮು ಹಕ್ಕಿಯ ಕಂಪನಿ ಎದ್ದಿತ್ತು. ಹಕ್ಕಿ ಕೊಡುತ್ತೇವೆ, ತಿಂಗಳು ತಿಂಗಳು ಸಾಕಿದ್ದಕ್ಕೆ ಹಣ ಕೊಡುತ್ತೇವೆ, ವರ್ಷಕ್ಕೆ ಬೋನಸ್ಸು ಎಂದು ಸಿನಿಮಾ ನಟರಿಂದ ಜಾಹೀರಾತು ಕೊಡಿಸಿದರು. 2012ರಲ್ಲಿ ಬಾಗಿಲು ಹಾಕಿತು. ಹಣ ಕಟ್ಟಿದವರು ಪೊಲೀಸ್ ಠಾಣೆಯ ಮುಂದೆ ಸಾಲು ನಿಂತರು. ಆಳೆತ್ತರದ ಹಕ್ಕಿಗಳು ಮೇವಿಲ್ಲದೆ ಸಾಯತೊಡಗಿದವು, ಕೊಳ್ಳುವವರು ಒಬ್ಬರೂ ಇಲ್ಲ. ಯಾಕೆಂದರೆ ಈಮುವಿನ ಮಾಂಸ ತಿನ್ನುವ ಬಾಯಿ ಈ ದೇಶದಲ್ಲಿ ಇರಲೇ ಇಲ್ಲ. ಇದ್ದದ್ದು ಹೊಸ ರೈತನ ಡಿಪಾಜಿಟ್ಟಿನಿಂದ ಹಳೆ ರೈತನಿಗೆ ಕೊಡುವ ಆಟ ಮಾತ್ರ. ಏಳು ವರ್ಷ ಕಳೆದು 2019ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಅದೇ ನಾಟಕ, ಹಕ್ಕಿ ಮಾತ್ರ ಬೇರೆ: ಕಡಕನಾಥ ಕರಿಕೋಳಿ. ಮರಿ ಮಾರಿದರು, ಮೊಟ್ಟೆ ಕೊಳ್ಳುತ್ತೇವೆಂದರು, ಕೊನೆಗೆ ಫೋನು ಎತ್ತಲಿಲ್ಲ.

"ಈಮು ಬೇರೆ, ಗೌಜಲಕ್ಕಿ ಬೇರೆ, ಇದಕ್ಕೆ ನಿಜವಾಗಲೂ ಗಿರಾಕಿ ಐತೆ" ಎನ್ನಬಹುದು. ಒಪ್ಪಿದೆ. ಹಾಗಿದ್ದರೆ ಗಿರಾಕಿಯ ವಿಳಾಸ ನಿಮಗೆ ಯಾಕೆ ಹೇಳುವುದಿಲ್ಲ? ಕಾಗದ ಕನ್ನಡದಲ್ಲಿ ಯಾಕಿರುವುದಿಲ್ಲ? ಎಷ್ಟು ದಿನದೊಳಗೆ ಹಕ್ಕಿ ಎತ್ತಬೇಕು, ತಡವಾದರೆ ಆ ದಿನಗಳ ಮೇವಿನ ಖರ್ಚು ಯಾರದು, ಎಂದು ಯಾಕೆ ಬರೆದಿರುವುದಿಲ್ಲ? ಐದು ವಾರ ಕಳೆದ ಮೇಲೆ ಹಕ್ಕಿ ಮೇವು ತಿನ್ನುತ್ತದೆ, ತೂಕ ಅಷ್ಟಾಗಿ ಏರುವುದಿಲ್ಲ. ಇದು ವ್ಯಾಪಾರಿಗೆ ಚೆನ್ನಾಗಿ ಗೊತ್ತು. ಅವನು ಹತ್ತು ದಿನ ಬರದೆ ಕೂತರೆ ಸಾಕು, ನೀವೇ ಕರೆದು ಹೇಳಿದ ಬೆಲೆಗೆ ಕೊಡುತ್ತೀರಿ. ಟೊಮ್ಯಾಟೊ ಬೆಳೆದವರಿಗೆ ಈ ಆಟ ಬಿಡಿಸಿ ಹೇಳಬೇಕಾಗಿಲ್ಲ.

ಸಾಲದ ಹಕ್ಕಿ ಮನೆಗೆ ಬೇಡ

1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ಬ್ಲಾಕುಗಳಿಗೂ ಹಬ್ಬಿದ ಐ.ಆರ್.ಡಿ.ಪಿ. ಸಾಲದ ಎಮ್ಮೆ ನಮ್ಮ ಹಿರಿಯರಿಗೆ ನೆನಪಿದೆ. ಎಷ್ಟೋ ಮನೆಗಳಲ್ಲಿ ಎಮ್ಮೆ ಬತ್ತಿತು, ಸತ್ತಿತು. ಸಾಲ ಮಾತ್ರ ಈಯುತ್ತಲೇ ಹೋಯಿತು. 2018-19ರ ಬಜೆಟ್ಟಿನಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡನ್ನು ಪಶುಸಂಗೋಪನೆಗೂ ವಿಸ್ತರಿಸಿದರು. ಒಳ್ಳೆಯದೇ, ಬೇಕಾದವರು ತಗೊಳ್ಳಲಿ. ಆದರೆ ಹೊಸದುರ್ಗ, ಹಿರಿಯೂರು ಕಡೆ ದಾಳಿಂಬೆ ತೋಟ ಕಿತ್ತು ಹಾಕಿಯೂ ಅದರ ಸಾಲ ತೀರಿಸುತ್ತಿರುವವರನ್ನು ಕೇಳಿ ನೋಡಿ, ಮೊದಲ ವರ್ಷವೇ ದೊಡ್ಡದಾಗಿ ಹಾಕುವುದರ ಅರ್ಥ ಹೇಳುತ್ತಾರೆ. ಐದು ಸಾವಿರ ಹಕ್ಕಿಯ ಯೋಜನಾ ವರದಿ ಬರೆದುಕೊಡುವವನಿಗೆ ಅವನ ಫೀಜು ಆವತ್ತೇ ಸಿಗುತ್ತದೆ. ಶೆಡ್ಡಿನ ಶೀಟು ಮಾರಿದವನಿಗೂ ಆವತ್ತೇ. ಗೂಡು ಮಾರಿದವನಿಗೂ ಆವತ್ತೇ. ಕಾಯಬೇಕಾದವನು ನೀವೊಬ್ಬರೇ.

ರೋಗದ ಮಾತೂ ಇದೆ. ಈ ಹಕ್ಕಿಗೆ ಕೋಳಿಯಷ್ಟು ರೋಗವಿಲ್ಲ ಎನ್ನುವುದು ಸರಿ, ರೋಗವೇ ಇಲ್ಲ ಎನ್ನುವುದು ಸುಳ್ಳು. ಹಕ್ಕಿಜ್ವರ ಇದಕ್ಕೂ ಬರುತ್ತದೆ. 2020ರ ಮಾರ್ಚಿಯಲ್ಲಿ ಪಕ್ಕದ ದಾವಣಗೆರೆ ಜಿಲ್ಲೆಯ ಬನ್ನಿಕೋಡಿನಲ್ಲಿ ಹಕ್ಕಿಜ್ವರ ಕಂಡಾಗ ಸುತ್ತಲಿನ ಕೋಳಿಗಳನ್ನೆಲ್ಲ ಕೊಲ್ಲಿಸಿದರು. ಅದೇ ಹೊತ್ತಿನಲ್ಲಿ ಕೋಳಿ ತಿಂದರೆ ಕೊರೋನಾ ಬರುತ್ತೆ ಎಂಬ ಗಾಳಿಮಾತಿಗೆ ಕೋಳಿಯ ಬೆಲೆ ಪಾತಾಳ ಕಂಡಿತು. ಕೇಳುವವರಿಲ್ಲದೆ ಕೋಳಿಗಳನ್ನು ಪುಕ್ಕಟೆ ಹಂಚಿದವರಿದ್ದಾರೆ, ಗುಂಡಿಗೆ ಹಾಕಿ ಮುಚ್ಚಿದವರಿದ್ದಾರೆ. ಹಿತ್ತಿಲಲ್ಲಿ ನಲವತ್ತು ಹಕ್ಕಿ ಇದ್ದವನು ಅಂಥ ತಿಂಗಳಲ್ಲಿ ನಲವತ್ತು ಹಕ್ಕಿ ಕಳೆದುಕೊಳ್ಳುತ್ತಾನೆ. ಸಾಲ ಮಾಡಿ ಐದು ಸಾವಿರ ಸಾಕಿದವನು ಹೊಲವನ್ನೇ ಕಳೆದುಕೊಳ್ಳುತ್ತಾನೆ.

ಹಾಗಾದರೆ ಹೇಗೆ ಸಾಕಬೇಕು?

ನಲವತ್ತು ಹಕ್ಕಿಯಿಂದ ಶುರು ಮಾಡಿ. ಮೂವತ್ತು ಹೆಣ್ಣು, ಹತ್ತು ಗಂಡು. ಮೂರು ವಾರಕ್ಕೆ ಗುರುತು ಸಿಗುತ್ತದೆ. ಗಂಡಿನ ಎದೆ ಇಟ್ಟಿಗೆಯ ಬಣ್ಣ, ಹೆಣ್ಣಿನ ಎದೆಯ ಮೇಲೆ ಕರಿ ಚುಕ್ಕೆ. ಎರಡು ಮೂರು ಹೆಣ್ಣಿಗೆ ಒಂದು ಗಂಡು ಸಾಕು. ಗಂಡು ಹೆಚ್ಚಾದರೆ ಕಚ್ಚಾಡಿ ತಲೆ ಒಡೆದುಕೊಳ್ಳುತ್ತವೆ, ಹೆಚ್ಚಾದದ್ದು ಸಾರಿಗೆ ಬರಲಿ. ಈ ನಲವತ್ತಕ್ಕೆ ದಿನಕ್ಕೆ ಒಂದು ಕಿಲೋ ಮೇವು. ಇಪ್ಪತ್ತು ಇಪ್ಪತ್ತೆರಡು ಮೊಟ್ಟೆ ಬಂದರೆ ನಾಲ್ಕು ಕೋಳಿಮೊಟ್ಟೆಗೆ ಸಮ. ಮನೆಯ ಮಕ್ಕಳಿಗೆ ಧಾರಾಳ ಆಯಿತು. ಇವು ಮೊಟ್ಟೆ ಇಡುವುದು ಹೆಚ್ಚಾಗಿ ಸಂಜೆಯ ಹೊತ್ತು. ಬೆಳಿಗ್ಗೆ ಗೂಡು ಬರಿದಾಗಿದ್ದರೆ ಗಾಬರಿ ಬೇಡ. ಮೊಟ್ಟೆಯ ಹಕ್ಕಿಗೆ ಹಗಲು ಮತ್ತು ದೀಪ ಸೇರಿ 14ರಿಂದ 16 ಗಂಟೆ ಬೆಳಕು ಬೇಕು.

ಗೂಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ. ಇಲಿ, ಬೆಕ್ಕು, ಹಾವು, ಮುಂಗುಸಿ ನಾಲ್ಕೂ ಇದಕ್ಕೆ ಶತ್ರು. ಕೋಳಿಯ ಜೊತೆ ಒಂದೇ ಗೂಡಿನಲ್ಲಿ ಬಿಡಬೇಡಿ, ಕೋಳಿಯ ರೋಗ ಇದಕ್ಕೆ ಅಂಟುತ್ತದೆ. ಕರೆಂಟು ಹೋದರೆ ಎಂದು ಮುಚ್ಚಳವಿರುವ ಮಡಕೆಯಲ್ಲಿ ಕೆಂಡ ಸಿದ್ಧವಿರಲಿ, ಹೊಗೆ ತುಂಬದಂತೆ ಗಾಳಿಗೆ ದಾರಿ ಇರಲಿ.

ಇನ್ನು ಮರಿಯ ಮೂಗುದಾರ ಬಿಡಿಸುವ ಉಪಾಯ. ನಮ್ಮ ನಾಟಿಕೋಳಿಯೇ ಇದಕ್ಕೆ ಸಾಕುತಾಯಿ. ಕಾವಿಗೆ ಕೂತ ಕೋಳಿಯ ಕೆಳಗೆ ಗೌಜಲಕ್ಕಿಯ ಹದಿನೈದು ಇಪ್ಪತ್ತು ಮೊಟ್ಟೆ ಇಟ್ಟರೆ ಮರಿ ಮಾಡಿಕೊಡುತ್ತದೆ. ಸಿಪ್ಪೆ ತೆಳು, ಆದ್ದರಿಂದ ಹಗುರವಾದ ಹೇಂಟೆಯನ್ನು ಆರಿಸಿ, ಮರಿ ಹೊರಬಂದ ಕೂಡಲೇ ಬೇರೆ ಮಾಡಿ. ಹೆಚ್ಚು ಮರಿ ಬೇಕಾದರೆ ಹತ್ತು ಮನೆಯವರು ಸೇರಿ ಒಂದು ಸಣ್ಣ ಕಾವುಯಂತ್ರ ತರಬಹುದು. ಆದರೆ ಒಂದೇ ಗುಂಪಿನ ಅಣ್ಣತಂಗಿ ಹಕ್ಕಿಗಳನ್ನೇ ಕೂಡಿಸುತ್ತಾ ಹೋದರೆ ನಾಲ್ಕಾರು ತಲೆಮಾರಿಗೆ ಮೊಟ್ಟೆ ಬರಡಾಗುತ್ತವೆ. ಆದ್ದರಿಂದ ಊರಿಂದೂರಿಗೆ ಗಂಡು ಹಕ್ಕಿ ಬದಲಾಯಿಸಿಕೊಳ್ಳಿ. ಹೊಳಲ್ಕೆರೆಯ ಗಂಡು ಹೊಸದುರ್ಗಕ್ಕೆ ಬರಲಿ, ಹೊಸದುರ್ಗದ್ದು ಹಿರಿಯೂರಿಗೆ ಹೋಗಲಿ. ಸಂಬಂಧ ಬೆಳೆಸುವುದರಲ್ಲಿ ನಮಗೇನು ಹೊಸದಲ್ಲವಲ್ಲ!

ಗಿರಾಕಿಯನ್ನು ಮೊದಲು ಹುಡುಕಿ, ಹಕ್ಕಿಯನ್ನು ಆಮೇಲೆ ಹೆಚ್ಚಿಸಿ. ಊರಿನ ಎರಡು ಹೋಟೆಲು, ಸಂತೆಯ ಒಂದು ಅಂಗಡಿ, ಹೆದ್ದಾರಿಯ ಒಂದು ಡಾಬಾ ವಾರಕ್ಕೆ ಇಷ್ಟು ಎಂದು ಒಪ್ಪಿದರೆ ಅಷ್ಟೇ ಬೆಳೆಸಿ. ಹತ್ತು ಮನೆಯವರು ಬೆಲೆಯನ್ನು ಒಟ್ಟಿಗೆ ಕೂತು ಗೊತ್ತು ಮಾಡಿ. ಒಬ್ಬ ಒಂದು ರೂಪಾಯಿ ಇಳಿಸಿದರೆ ನಾಳೆ ಹತ್ತು ಜನವೂ ಇಳಿಯಬೇಕಾಗುತ್ತದೆ. ಮರಿ, ಮೇವು, ಮಾರಾಟ ಈ ಮೂರರಲ್ಲಿ ಎರಡಾದರೂ ನಿಮ್ಮ ಕೈಯಲ್ಲಿಲ್ಲದಿದ್ದರೆ ನೂರರ ಮೇಲೆ ಒಂದು ಹಕ್ಕಿಯನ್ನೂ ಸೇರಿಸಬೇಡಿ.

ಸರ್ಕಾರವನ್ನು ಕೇಳಬೇಕಾದ್ದು

ಉಪಕಸುಬು ಮಾಡಿ ಎಂದು ಉಪದೇಶ ಮಾಡುವವರಿಗೆ ನಮ್ಮ ನಾಲ್ಕು ಪ್ರಶ್ನೆ. ಮರಿಗಾಗಿ ತಮಿಳುನಾಡಿನ ಕಡೆ ಯಾಕೆ ನೋಡಬೇಕು, ನಮ್ಮ ಜಿಲ್ಲೆಯಲ್ಲೇ ಸರ್ಕಾರದ ಒಂದು ಮರಿ ಕೇಂದ್ರ ಯಾಕಾಗಬಾರದು? ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ ಇದೆ, ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜಿದೆ. ಅವುಗಳ ತಿಳುವಳಿಕೆ ಹಳ್ಳಿಯ ಹೆಣ್ಣುಮಕ್ಕಳವರೆಗೆ ಬರಲಿ. ಡಿಪಾಜಿಟ್ಟು ವಸೂಲು ಮಾಡುವ ಕಂಪನಿಗಳನ್ನು ಅವು ಓಡಿಹೋದ ಮೇಲೆ ಹುಡುಕುವ ಬದಲು ಬರುವಾಗಲೇ ಯಾಕೆ ತಡೆದು ವಿಚಾರಿಸುವುದಿಲ್ಲ? ರೋಗ ಬಂದು ಹಕ್ಕಿ ಕೊಲ್ಲಿಸಿದರೆ ಪರಿಹಾರ ಸಾಕಿದವನ ಕೈಗೆ ಬರಬೇಕೋ, ಮರಿ ಕೊಟ್ಟ ಕಂಪನಿಗೆ ಹೋಗಬೇಕೋ? ಕೊನೆಯದು, ಎಲ್ಲಕ್ಕಿಂತ ದೊಡ್ಡದು: ಉಪಕಸುಬು ಎನ್ನುತ್ತೀರಿ, ಸರಿ. ಮುಖ್ಯ ಕಸುಬಿಗೆ ಬೆಲೆ ಎಲ್ಲಿ? ಮೆಕ್ಕೆಜೋಳಕ್ಕೆ ಬೆಲೆ ಕೊಡದೆ, ಅದೇ ಮೆಕ್ಕೆಜೋಳ ತಿನ್ನುವ ಹಕ್ಕಿಯನ್ನು ಸಾಕಿ ಉದ್ಧಾರವಾಗು ಎಂದರೆ, ಬಾವಿಗೆ ತಳ್ಳಿ ಹಗ್ಗದ ಬೆಲೆ ಕೇಳಿದ ಹಾಗಲ್ಲವೇ?

ಬಾಂಧವರೇ, ಹಕ್ಕಿಯ ತಪ್ಪೇನಿಲ್ಲ. ಅದು ತಿಂದದ್ದಕ್ಕೆ ಸರಿಯಾಗಿ ಮೊಟ್ಟೆ ಇಡುತ್ತದೆ. ನಮ್ಮ ನಡುವೆ ತಿಂದೂ ಮೊಟ್ಟೆ ಇಡದವರು ಬೇರೆ ಇದ್ದಾರೆ. ಈ ಸಲದ ಸಂತೆಯಲ್ಲಿ ಕರಪತ್ರದವನು ಸಿಕ್ಕರೆ ಸಿಟ್ಟಾಗಬೇಡಿ. ಮರದ ನೆರಳಿಗೆ ಕರೆದು ಕೂರಿಸಿ ಮೂರೇ ಮಾತು ಕೇಳಿ: ಗಿರಾಕಿ ಯಾರು, ಕಾಗದ ಕನ್ನಡದಲ್ಲಿ ಐತೋ, ಹಕ್ಕಿ ಎತ್ತದಿದ್ದರೆ ಮೇವಿನ ಖರ್ಚು ಯಾರದು? ಉತ್ತರ ಕೊಟ್ಟರೆ ಹತ್ತು ಜನ ಕೂತು ಯೋಚಿಸಿ. ಕೊಡದಿದ್ದರೆ ಬಸ್ಸು ಹತ್ತಿಸಿ ಕಳಿಸಿ.